ಹೆಸರು ಅಳಿಸಿಹಾಕಿದ ಊರಿನಲ್ಲಿ ಐದು ದಿನ

ಮೊದಲನೇ ದಿನ

ಪ್ಯಾರಿಸ್‌ನಲ್ಲಿ ರೈಲು ಹತ್ತಿದರೆ ಲಿಯೋನ್‌ಗೆ ಎರಡು ಗಂಟೆ. ನಿಲ್ದಾಣದಲ್ಲಿ ಇಳಿದಾಗ ಸಣ್ಣಗೆ ಮಂಜು ಇತ್ತು. ಎದುರಿಗೆ ದೊಡ್ಡ ಅಕ್ಷರದಲ್ಲಿ ಊರಿನ ಹೆಸರು. ಅದನ್ನೇ ನೋಡುತ್ತಾ ಒಂದು ನಿಮಿಷ ನಿಂತೆ. 1793ರ ಅಕ್ಟೋಬರ್ 12ರಂದು ಕ್ರಾಂತಿಯ ಸರಕಾರ ಅಳಿಸಿಹಾಕಿದ ಹೆಸರು ಅದು.

ನನ್ನ ಜೊತೆ ಅಕ್ಕ ಇದ್ದಳು. ಮೂವತ್ತು ವರ್ಷ ಕಾರ್ಮಿಕ ನ್ಯಾಯಾಲಯದ ಕಚೇರಿಯಲ್ಲಿ ದುಡಿದು ನಿವೃತ್ತಿಯಾದವಳು. ನನಗೆ ಇತಿಹಾಸದ ಹುಚ್ಚು, ಅವಳಿಗೆ ಕಡತಗಳ ಹುಚ್ಚು. ಫ್ರೆಂಚ್ ಕ್ರಾಂತಿಯ ಬಗ್ಗೆ ಓದುವಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕಾಡುತ್ತಿತ್ತು. ಬಾಸ್ತೀ ಕೋಟೆ ಬಿತ್ತು, ರಾಜನ ತಲೆ ಹೋಯಿತು, ಸರಿ. ಮರುದಿನ ಬೆಳಿಗ್ಗೆ ನೇಕಾರ ನೂಲು ತರಲು ಸಾಹುಕಾರನ ಮನೆಗೆ ಹೋದನಲ್ಲ, ಅವನಿಗೆ ಏನು ಬದಲಾಗಿತ್ತು? ಕೂಲಿ ಯಾರು ಗೊತ್ತು ಮಾಡಿದರು? ಜಗಳವಾದರೆ ಯಾರ ಹತ್ತಿರ ಹೋದ? ಇದಕ್ಕೆ ಉತ್ತರ ಹುಡುಕಲು ಲಿಯೋನ್‌ಗಿಂತ ಒಳ್ಳೆಯ ಊರು ಇಲ್ಲ. ಆಗ ಅಲ್ಲಿ ಸುಮಾರು ಒಂದೂವರೆ ಲಕ್ಷ ಜನ, ಹದಿನಾಲ್ಕು ಸಾವಿರ ರೇಷ್ಮೆ ಮಗ್ಗ.

ಊರಿಗೆ ಎರಡು ನದಿ, ರೋನ್ ಮತ್ತು ಸೋನ್. ಎರಡು ಗುಡ್ಡ. ಫೂರ್ವಿಯೇರ್ ಗುಡ್ಡದ ಮೇಲೆ ಚರ್ಚು, ಕ್ರುವಾ-ರೂಸ್ ಗುಡ್ಡದ ಮೇಲೆ ನೇಕಾರರ ಮನೆಗಳು. ಒಂದು ಪ್ರಾರ್ಥನೆ ಮಾಡುವ ಗುಡ್ಡ, ಇನ್ನೊಂದು ದುಡಿಯುವ ಗುಡ್ಡ ಅನ್ನುತ್ತಾರೆ ಇಲ್ಲಿನವರು.

ಮಧ್ಯಾಹ್ನ ಹಳೇ ಲಿಯೋನ್‌ಗೆ ಹೋದೆವು. ಕಿರಿದಾದ ಕಲ್ಲುಹಾಸಿನ ಬೀದಿಗಳು. ಈ ಊರು ಮೊದಲು ದೊಡ್ಡದಾದದ್ದು ಜಾತ್ರೆಗಳಿಂದ. 1463ರಲ್ಲಿ ರಾಜ ಹನ್ನೊಂದನೇ ಲೂಯಿ ವರ್ಷಕ್ಕೆ ನಾಲ್ಕು ವ್ಯಾಪಾರಿ ಜಾತ್ರೆಗಳಿಗೆ ಅಪ್ಪಣೆ ಕೊಟ್ಟ. ಇಟಲಿಯ ಲೇವಾದೇವಿಗಾರರು ಬಂದು ಕೂತರು, ಹುಂಡಿಗಳು, ಅಂದರೆ ಹಣದ ಬದಲು ಕೊಡುವ ಚೀಟಿಗಳು, ಓಡಾಡಿದವು. 1536ರಲ್ಲಿ ಎತಿಯೆನ್ ತುರ್ಕೆ ಎಂಬ ವ್ಯಾಪಾರಿ ರಾಜ ಮೊದಲನೇ ಫ್ರಾಂಸ್ವಾನಿಂದ ಇಲ್ಲೇ ರೇಷ್ಮೆ ನೇಯಿಸುವ ಅನುಮತಿ ಪಡೆದ. ಅಲ್ಲಿಂದ ಊರಿನ ಹಣೆಬರಹವೇ ಬದಲಾಯಿತು.

ಹಣ ವಿನಿಮಯದ ಚೌಕದಲ್ಲಿ ಒಂದು ಚಂದದ ಕಟ್ಟಡ ಇದೆ, ಲೋಜ್ ದ್ಯು ಶಾಂಜ್. ಪ್ಯಾರಿಸ್‌ನ ಪಾಂತೆಯೋಂ ಕಟ್ಟಿದ ಸೂಫ್ಲೋ 1750ರ ಸುಮಾರಿಗೆ ಇದಕ್ಕೆ ಈಗಿನ ರೂಪ ಕೊಟ್ಟ. ಒಂದು ಕಾಲದಲ್ಲಿ ವ್ಯಾಪಾರಿಗಳು ಹುಂಡಿ ಬದಲಾಯಿಸುತ್ತಿದ್ದ ಜಾಗ. ಈಗ ಬಾಗಿಲ ಮೇಲೆ ಪ್ರಾಟೆಸ್ಟೆಂಟ್ ದೇವಾಲಯ ಎಂದು ಬರೆದಿದೆ. ಕ್ರಾಂತಿಗೆ ಮುಂಚೆ ಪ್ರಾಟೆಸ್ಟೆಂಟರು ಬಹಿರಂಗವಾಗಿ ಪೂಜೆ ಮಾಡುವಂತಿರಲಿಲ್ಲ. 1803ರಲ್ಲಿ ಈ ಕಟ್ಟಡವನ್ನು ಅವರಿಗೆ ಕೊಟ್ಟರು. ಒಳಗೆ ಹೋಗಿ ಕೂತೆವು. ಒಬ್ಬ ಮುದುಕಿ ಹೂಜಿಗೆ ನೀರು ತುಂಬಿಸುತ್ತಿದ್ದರು. ದುಡ್ಡಿನ ಜಾಗ ದೇವರಿಗೆ ಹೋಯಿತಲ್ಲ ಅಂತ ನನಗೆ ಅನ್ನಿಸಿತು. ಅಕ್ಕನ ತಲೆಯಲ್ಲಿ ಬೇರೆಯದೇ ಇತ್ತು.

"ದುಡ್ಡಿನವರು ಎಲ್ಲಿಗೆ ಹೋದರು ಹಾಗಾದರೆ?" ಅಂದಳು.

ಅವರು ಎಲ್ಲಿಗೂ ಹೋಗಲಿಲ್ಲ. ಜಾತ್ರೆಗಳ ಕಾಲದಿಂದಲೂ ಇಲ್ಲಿ ವ್ಯಾಪಾರಿಗಳದ್ದೇ ಒಂದು ನ್ಯಾಯಾಲಯ ಇತ್ತು. ಜಾತ್ರೆಯ ಹಕ್ಕುಗಳನ್ನು ಕಾಯುವುದು ಅದರ ಕೆಲಸ, ಅದಕ್ಕೇ ಅದರ ಹೆಸರು ಕೊಂಸೆರ್ವಾಸ್ಯೋಂ. ವ್ಯಾಪಾರಿ ವ್ಯಾಪಾರಿಯ ಜಗಳವನ್ನು ಬೇಗ ಬಗೆಹರಿಸುತ್ತಿತ್ತು. ಕ್ರಾಂತಿ ಬಂದಾಗ ಹಳೇ ಕಾಲದ ನ್ಯಾಯಾಲಯಗಳನ್ನು ಸಾಲುಸಾಲಾಗಿ ಮುಚ್ಚಿದರು. ಆದರೆ 1790ರ ಆಗಸ್ಟ್‌ನ ಕಾಯ್ದೆ ವ್ಯಾಪಾರಿಗಳ ನ್ಯಾಯಾಲಯಗಳಿಗೆ ಹೊಸ ಹೆಸರು ಕೊಟ್ಟು ಉಳಿಸಿಕೊಂಡಿತು. ವಾಣಿಜ್ಯ ನ್ಯಾಯಾಲಯ. ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳೇ ಅಲ್ಲಿ ನ್ಯಾಯಾಧೀಶರು. ಇವತ್ತಿಗೂ ಆ ಪದ್ಧತಿ ಫ್ರಾನ್ಸ್‌ನಲ್ಲಿ ನಡೆಯುತ್ತಿದೆ.

ನೇಕಾರರ ಪಾಲಿಗೆ ಬಂದದ್ದು ಬೇರೆ. 1791ರ ಮಾರ್ಚ್‌ನಲ್ಲಿ ಕಸುಬುದಾರರ ಸಂಘಗಳನ್ನೆಲ್ಲ ರದ್ದು ಮಾಡಿದರು. ಜೂನ್ 14ರಂದು ಲ ಶಾಪ್‌ಲಿಯೆ ಕಾಯ್ದೆ ಬಂತು. ಒಂದೇ ಕಸುಬಿನವರು ಸೇರಿ ತಮ್ಮ ಕೂಲಿಯ ಬಗ್ಗೆ ಒಟ್ಟಾಗಿ ನಿರ್ಧಾರ ಮಾಡುವುದೇ ಅಪರಾಧವಾಯಿತು. ಕಾಗದದ ಮೇಲೆ ಆ ಕಾಯ್ದೆ ಮಾಲೀಕರಿಗೂ ಅನ್ವಯ. ಆದರೆ ಮಾಲೀಕರು ಸಂಜೆ ಊಟಕ್ಕೆ ಸೇರಿದರೂ ಮಾತು ಮುಗಿಯುತ್ತದೆ, ಅಲ್ವಾ? ಸಾವಿರಾರು ನೇಕಾರರು ಮಾತಾಡಬೇಕೆಂದರೆ ಬೀದಿಗೇ ಬರಬೇಕು.

ರಾತ್ರಿ ಹೋಟೆಲಿನಲ್ಲಿ ಅಕ್ಕ ತನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದಳು. ಒಂದರ ಮೇಲೆ 'ಉಳಿದದ್ದು', ಇನ್ನೊಂದರ ಮೇಲೆ 'ಹೋದದ್ದು'.

ಎರಡನೇ ದಿನ

ಬೆಲ್‌ಕೂರ್ ಚೌಕಕ್ಕೆ ಹೋದೆವು. ದೊಡ್ಡ ಕೆಂಪು ಮಣ್ಣಿನ ಬಯಲು, ನಡುವೆ ಕುದುರೆಯ ಮೇಲೆ ಹದಿನಾಲ್ಕನೇ ಲೂಯಿ. ಮೊದಲಿದ್ದ ವಿಗ್ರಹವನ್ನು ಕ್ರಾಂತಿಯಲ್ಲಿ ಒಡೆದರು. ಈಗಿರುವುದು 1825ರದ್ದು.

1793ರ ಮೇ ತಿಂಗಳ ಕೊನೆಗೆ ಊರಿನವರು ಕ್ರಾಂತಿಯ ಉಗ್ರ ಬಣವಾದ ಜಾಕೊಬಿನ್‌ರ ಆಡಳಿತದ ವಿರುದ್ಧ ತಿರುಗಿಬಿದ್ದರು. ಅದರ ಮುಖಂಡ ಶಾಲಿಯೆಯನ್ನು ಜುಲೈನಲ್ಲಿ ತಲೆ ಕಡಿಯುವ ಯಂತ್ರಕ್ಕೆ, ಗಿಲೊಟಿನ್‌ಗೆ, ಕೊಟ್ಟರು. ಪ್ಯಾರಿಸ್ ಸೈನ್ಯ ಕಳಿಸಿತು. ಆಗಸ್ಟ್‌ನಿಂದ ಅಕ್ಟೋಬರ್ 9ರವರೆಗೆ ಎರಡು ತಿಂಗಳು ಮುತ್ತಿಗೆ. ಊರು ಸೋತಿತು. ಮೂರು ದಿನಕ್ಕೆ ಆ ಆಜ್ಞೆ ಬಂತು: ಶ್ರೀಮಂತರು ವಾಸಿಸಿದ ಮನೆಗಳನ್ನೆಲ್ಲ ಕೆಡವಬೇಕು, ಲಿಯೋನ್ ಎಂಬ ಹೆಸರೇ ಇರಬಾರದು, ಒಂದು ಕಂಬ ನಿಲ್ಲಿಸಿ ಅದರ ಮೇಲೆ "ಲಿಯೋನ್ ಸ್ವಾತಂತ್ರ್ಯದ ಮೇಲೆ ಯುದ್ಧ ಮಾಡಿತು, ಲಿಯೋನ್ ಇನ್ನಿಲ್ಲ" ಎಂದು ಕೆತ್ತಬೇಕು. ಹೊಸ ಹೆಸರು 'ವಿಮೋಚಿತ ಊರು'. ಕ್ರಾಂತಿಯ ಸರಕಾರದ ಪ್ರತಿನಿಧಿ, ನಡೆಯಲಾಗದ ಕೂತೋಂನನ್ನು ಕುರ್ಚಿಯಲ್ಲಿ ಕೂರಿಸಿ ಇದೇ ಚೌಕಕ್ಕೆ ಹೊತ್ತು ತಂದರು. ಅವನು ಸುತ್ತಿಗೆಯಿಂದ ಮನೆಗಳ ಗೋಡೆಗೆ ಒಂದೊಂದು ಪೆಟ್ಟು ಕೊಟ್ಟ. ಕೆಡವುವ ಕೆಲಸ ಶುರುವಾಯಿತು.

ನಂತರ ಇನ್ನಿಬ್ಬರು ಪ್ರತಿನಿಧಿಗಳು, ಕೊಲೋ ದೆರ್‌ಬ್ವಾ ಮತ್ತು ಫೂಶೆ, ಬಂದರು. ನದಿಯಾಚೆ ಬ್ರೋತೋ ಬಯಲಿನಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ತೆರೋ ಚೌಕದಲ್ಲಿ ಗಿಲೊಟಿನ್. ಸಾವಿರದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೇಕಾರರೂ ಇದ್ದರು. ದೆನಿ ಮೊನೆ ಎಂಬ ನೇಕಾರನ ವಿಷಯ ನನ್ನನ್ನು ಬಹಳ ಕಲಕಿದೆ. 1786ರಲ್ಲಿ ನೇಕಾರರು ನೇಯ್ದ ಬಟ್ಟೆಯ ಒಂದೊಂದು ಅಳತೆಗೆ ಎರಡು ಸೂ (ಆಗಿನ ಚಿಲ್ಲರೆ ನಾಣ್ಯ) ಜಾಸ್ತಿ ಕೇಳಿ ಕೆಲಸ ನಿಲ್ಲಿಸಿದ್ದರು. ಊರಿನ ಸಭೆ ಮೊದಲು ಒಪ್ಪಿತು, ಆಮೇಲೆ ರಾಜನ ಕಡೆಯಿಂದ ಆ ಒಪ್ಪಿಗೆ ರದ್ದಾಯಿತು, ಸೈನ್ಯ ಬಂತು, ಮೂವರನ್ನು ಗಲ್ಲಿಗೇರಿಸಿದರು. ಆಗ ಮೊನೆ ಜೈಲಿಗೆ ಹೋದ. ಕ್ರಾಂತಿ ಬಂದಾಗ ನೇಕಾರರ ಪರವಾಗಿ ಎದ್ದು ನಿಂತ. 1789ರ ಕೊನೆಗೆ ಅವರಿಗೆ ದರಪಟ್ಟಿ ಸಿಕ್ಕಿತು. 1790ರಲ್ಲಿ ನೇಕಾರರು ವ್ಯಾಪಾರಿಗಳಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡರು. ಒಂದು ವರ್ಷ ಕಳೆಯುವುದರೊಳಗೆ ಅದೇ ಕ್ರಾಂತಿ ಎಲ್ಲ ಸಂಘಗಳನ್ನೂ ರದ್ದು ಮಾಡಿತು. 1793ರ ಕೊನೆಗೆ ಅದೇ ಕ್ರಾಂತಿ ಮೊನೆಯ ತಲೆಯನ್ನೂ ತೆಗೆಯಿತು.

ರಾಜನ ಕಾಲದಲ್ಲಿ ಜೈಲು, ಕ್ರಾಂತಿಯ ಕಾಲದಲ್ಲಿ ಗಿಲೊಟಿನ್. ತೆರೋ ಚೌಕದ ಕಾರಂಜಿಯ ಹತ್ತಿರ ಮಕ್ಕಳು ಆಡುತ್ತಿದ್ದರು. ನಾವು ತುಂಬಾ ಹೊತ್ತು ಮಾತಾಡಲಿಲ್ಲ.

ಮುತ್ತಿಗೆಯ ಸಮಯದಲ್ಲೇ ಇನ್ನೊಂದು ಕೆಲಸ ಆಯಿತು. ರೋನ್-ಮತ್ತು-ಲ್ವಾರ್ ಎಂದು ಒಂದೇ ಜಿಲ್ಲೆ ಇತ್ತು. ಲಿಯೋನ್‌ನ ಬಲ ಮುರಿಯಲು ಅದನ್ನು ಎರಡು ಮಾಡಿದರು. ಒಂದು ವರ್ಷದಲ್ಲಿ ಊರಿಗೆ ಹಳೇ ಹೆಸರು ವಾಪಸ್ ಬಂತು. ಜಿಲ್ಲೆಯ ಗೆರೆ ಮಾತ್ರ ಅಳಿಯಲಿಲ್ಲ. ರೋನ್ ಬೇರೆ, ಲ್ವಾರ್ ಬೇರೆ, ಇವತ್ತಿಗೂ. ಸಿಟ್ಟಿನಲ್ಲಿ ಎಳೆದ ಗೆರೆ ಇಷ್ಟು ವರ್ಷ ಉಳಿದಿದೆ.

ಮೂರನೇ ದಿನ

ಬೆಳಿಗ್ಗೆ ಕ್ರುವಾ-ರೂಸ್ ಗುಡ್ಡದ ಇಳಿಜಾರು ಹತ್ತಲು ಶುರು ಮಾಡಿದೆವು. ಮೆಟ್ರೋ ಇದೆ, ಹಲ್ಲುಗಾಲಿಯ ಹಳಿಯ ಮೇಲೆ ಕಡಿದಾಗಿ ಏರುತ್ತದೆ. ಆದರೆ ಅಕ್ಕ ನಡೆದೇ ಹೋಗೋಣ ಅಂದಳು.

ಬೀದಿಗಳ ಹೆಸರು ಓದುತ್ತಾ ಹೋಗಿ, ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ಕಾಪ್ಯುಸಾಂ ಸನ್ಯಾಸಿಗಳ ಬೀದಿ. ಫೆಯಾಂ ಸನ್ಯಾಸಿಗಳ ಬೀದಿ. ಶಾರ್‌ತ್ರೂ ಸನ್ಯಾಸಿಗಳ ಬೀದಿ. ಕ್ರಾಂತಿಗೆ ಮುಂಚೆ ಈ ಇಳಿಜಾರು ಪೂರ್ತಿ ಮಠಗಳದ್ದೇ. ಗೋಡೆಗಳ ಹಿಂದೆ ತೋಟ, ದ್ರಾಕ್ಷಿ ಬಳ್ಳಿ, ಗಂಟೆಯ ಸದ್ದು. ಕ್ರಾಂತಿ ಮಠಗಳ ಆಸ್ತಿಯನ್ನೆಲ್ಲ ದೇಶದ ಆಸ್ತಿ ಎಂದು ಘೋಷಿಸಿ ಮಾರಿತು. ಕೊಂಡವರು ತುಂಡು ತುಂಡು ಮಾಡಿ ಕಟ್ಟಡ ಎಬ್ಬಿಸಿದರು. ಆ ಕಟ್ಟಡಗಳಲ್ಲಿ ನೇಕಾರರು ಬಾಡಿಗೆಗೆ ಬಂದರು.

ನೇಕಾರರಿಗೆ ಎತ್ತರದ ಮನೆ ಬೇಕಿತ್ತು. ಹಳೇ ಲಿಯೋನ್‌ನ ತಗ್ಗು ಚಾವಣಿಯ ಮನೆಗಳಲ್ಲಿ ಹೊಸ ಜಕಾರ್ಡ್ ಮಗ್ಗ ನಿಲ್ಲುತ್ತಿರಲಿಲ್ಲ. ಅದಕ್ಕೇ ಇಲ್ಲಿನ ಮನೆಗಳ ಚಾವಣಿ ಸುಮಾರು 4 ಮೀಟರ್ ಎತ್ತರ. ಬೆಳಕಿಗೆ ಉದ್ದನೆಯ ಕಿಟಕಿ. ದಪ್ಪ ಮರದ ತೊಲೆ. ಮಗ್ಗದ ಪಕ್ಕದಲ್ಲೇ ಅಟ್ಟ, ಅಟ್ಟದ ಮೇಲೆ ಇಡೀ ಸಂಸಾರದ ಹಾಸಿಗೆ. ನಾವು ಇದ್ದ ಹೋಟೆಲನ್ನು ಆ ದಿನ ಬಿಟ್ಟು ಇಂಥದ್ದೇ ಒಂದು ಕೋಣೆ ಹಿಡಿದೆವು. ಮಲಗಿ ಮೇಲೆ ನೋಡಿದರೆ ತೊಲೆಯಲ್ಲಿ ಹಳೇ ಮೊಳೆಗಳ ತೂತು. ಮಗ್ಗ ಅಲ್ಲಾಡದಂತೆ ಮೇಲಿನ ತೊಲೆಗೆ ಊರುಗೋಲು ಕೊಡುತ್ತಿದ್ದರಂತೆ. ಆ ತೂತುಗಳನ್ನು ಎಣಿಸುತ್ತಾ ನಿದ್ದೆ ಹೋದೆ.

ಆದರೆ ಈ ದಿನದ ನಿಜವಾದ ಕಥೆ ಸಾಂ-ಪೋಲಿಕಾರ್ಪ್ ಬೀದಿಯದ್ದು. ಅಲ್ಲಿ ಒಂದು ಗಟ್ಟಿಮುಟ್ಟಾದ ಕಟ್ಟಡ. ಬಾಗಿಲ ಮೇಲೆ ಕಲ್ಲಿನ ಸಿಂಹ, ಸುತ್ತ ಹಿಪ್ಪುನೇರಳೆ ಎಲೆ. ಈಗ ಒಳಗೆ ಗ್ರಂಥಾಲಯ ಇದೆ. ಹಿಂದೆ ಇದು ರೇಷ್ಮೆಯ ತೇವ ಅಳೆಯುವ ಸರಕಾರಿ ಕಚೇರಿ, ಕೊಂದಿಸ್ಯೋಂ ದೆ ಸ್ವಾ.

ರೇಷ್ಮೆಗೆ ಒಂದು ಗುಣ ಇದೆ. ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಆದರೆ ಮುಟ್ಟಿದರೆ ಒದ್ದೆ ಅನ್ನಿಸುವುದೇ ಇಲ್ಲ. ತೇವದ ಕೋಣೆಯಲ್ಲಿ ಇಟ್ಟ ನೂಲಿನ ತೂಕ ಸುಮ್ನೆ ಏರುತ್ತದೆ. ರೇಷ್ಮೆ ಮಾರುವುದು ತೂಕದ ಮೇಲೆ. ಹಾಗಿದ್ದಮೇಲೆ ಕೊಂಡವನು ರೇಷ್ಮೆಯ ಬೆಲೆಗೆ ನೀರು ಕೊಂಡಂತೆ. ವ್ಯಾಪಾರಿ ಕೊಟ್ಟ ನೂಲಿಗೂ ನೇಕಾರ ವಾಪಸ್ ಕೊಟ್ಟ ಬಟ್ಟೆಗೂ ತೂಕ ತಾಳೆಯಾಗದಿದ್ದರೆ ಕಳ್ಳತನದ ಮಾತು ಬರುತ್ತಿತ್ತು. ಕ್ರಾಂತಿಗೆ ಮುಂಚೆಯೂ ರೇಷ್ಮೆ ಒಣಗಿಸಿ ತೂಗುವ ಖಾಸಗಿ ಕೋಣೆಗಳು ಊರಿನಲ್ಲಿದ್ದವು. ಆದರೆ ಖಾಸಗಿಯವನು ಯಾರ ದುಡ್ಡು ತಿನ್ನುತ್ತಾನೋ ಅವನ ತೂಕವನ್ನೇ ಹೇಳುತ್ತಾನೆ ಅನ್ನುವ ಅನುಮಾನ ಹೋಗಲಿಲ್ಲ.

1805ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಆಜ್ಞೆ ಹೊರಡಿಸಿ ಊರಿಗೆ ಒಂದೇ ಸಾರ್ವಜನಿಕ ಕಚೇರಿ ಮಾಡಿದ. ನಡೆಸುವ ಹೊಣೆ ವಾಣಿಜ್ಯ ಮಂಡಳಿಗೆ. ಮೂಟೆ ಬಂದರೆ ಬೆಚ್ಚಗಿನ ಕೋಣೆಯಲ್ಲಿ ಹರಡಿ ಒಣಗಿಸಿ, ಆಮೇಲೆ ತೂಗಿ, ಚೀಟಿ ಬರೆದು ಕೊಡುತ್ತಿದ್ದರು. ಆ ಚೀಟಿಯ ತೂಕವೇ ವ್ಯಾಪಾರದ ತೂಕ. ಮುಂದೆ ಒಲೆಯಲ್ಲಿ ಪೂರ್ತಿ ಒಣಗಿಸಿ, ಒಣ ತೂಕಕ್ಕೆ ನೂರಕ್ಕೆ 11 ಸೇರಿಸುವ ಪದ್ಧತಿ ಬಂತು. ಆ 11 ಇವತ್ತಿಗೂ ರೇಷ್ಮೆ ವ್ಯಾಪಾರದಲ್ಲಿ ನಡೆಯುತ್ತದೆ.

ಅಕ್ಕ ಸಿಂಹದ ಕೆಳಗೆ ನಿಂತು ಕೇಳಿದಳು. "ಈ ವಾಣಿಜ್ಯ ಮಂಡಳಿ ಹೊಸದೇನೋ?"

"ಇಲ್ಲ ಅಕ್ಕಾ. 1702ರದ್ದು. 1791ರಲ್ಲಿ ರದ್ದಾಯಿತು. 1802ರಲ್ಲಿ ವಾಪಸ್ ಬಂತು."

"ಅಂದರೆ ಹನ್ನೊಂದು ವರ್ಷ ಇರಲಿಲ್ಲ ಅಷ್ಟೆ. ಯಾವ ಕಾಲಂಗೆ ಹಾಕಲಿ?"

ನನಗೂ ಗೊತ್ತಾಗಲಿಲ್ಲ. ಅವಳು ಮೂರನೇ ಕಾಲಂ ಎಳೆದು 'ವಾಪಸ್ ಬಂದದ್ದು' ಎಂದು ಬರೆದಳು.

ನನ್ನ ಮನಸ್ಸಿನಲ್ಲಿ ಏನೋ ಸ್ಪಷ್ಟವಾಗತೊಡಗಿದ್ದು ಅಲ್ಲೇ. ತೂಕದ ಜಗಳ ಕ್ರಾಂತಿಯಿಂದ ನಿಲ್ಲಲಿಲ್ಲ. ರಾಜ ಇದ್ದರೂ ಇಲ್ಲದಿದ್ದರೂ ರೇಷ್ಮೆ ನೀರು ಕುಡಿಯುತ್ತದೆ. ಹಾಗಾಗಿ ತೂಗುವವನೊಬ್ಬ ಬೇಕೇ ಬೇಕು. ಬೇಕಾದದ್ದು ಮತ್ತೆ ಬಂದೇ ಬರುತ್ತದೆ. ಆದರೆ ಅದು ಮತ್ತೆ ಬರುವಾಗ ಬಾಗಿಲಲ್ಲಿ ಯಾರು ನಿಂತು ಬರಮಾಡಿಕೊಂಡರು ಅನ್ನುವುದನ್ನು ನೋಡಬೇಕು. ವ್ಯಾಪಾರಿಗಳ ಮಂಡಳಿ ಬಂದದ್ದು 1802ರಲ್ಲಿ. ತಕ್ಕಡಿಯನ್ನು ಅದರ ಕೈಗೇ ಕೊಟ್ಟರು.

ಇಳಿಯುವಾಗ ತ್ರಾಬೂಲ್‌ಗಳ ಮೂಲಕ ಬಂದೆವು. ಮನೆಗಳ ಹೊಟ್ಟೆಯೊಳಗಿಂದಲೇ ಹಾದು ಇನ್ನೊಂದು ಬೀದಿಗೆ ತೆರೆದುಕೊಳ್ಳುವ ಓಣಿಗಳು ಇವು. ನೇಕಾರರು ಬಟ್ಟೆಯ ಸುರುಳಿಯನ್ನು ಮಳೆಗೆ ನೆನೆಸದೆ ವ್ಯಾಪಾರಿಯ ಮನೆಗೆ ತಲುಪಿಸಲು ಇವುಗಳಲ್ಲಿ ಓಡಾಡುತ್ತಿದ್ದರು. ಕೂರ್ ದೆ ವೊರಾಸ್ ಎಂಬಲ್ಲಿ ಆರು ಅಂತಸ್ತಿನ ಕಲ್ಲಿನ ಮೆಟ್ಟಿಲು ಇದೆ. ಮೇಲಿಂದ ಯಾರದ್ದೋ ಮನೆಯ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಜನ ಇನ್ನೂ ವಾಸ ಮಾಡುತ್ತಾರೆ, ಹಾಗಾಗಿ ಮೆಲ್ಲಗೆ ಮಾತಾಡಿ.

ನಾಲ್ಕನೇ ದಿನ

ಗುಡ್ಡದ ಮೇಲಿನ ಚೌಕದಲ್ಲಿ ಜಾಕಾರ್‌ನ ವಿಗ್ರಹ ಇದೆ. ನಾವು ಜಕಾರ್ಡ್ ಅನ್ನುವ ಮಗ್ಗಕ್ಕೆ ಹೆಸರು ಕೊಟ್ಟವನು ಇವನೇ, ಜೊಸೆಫ್-ಮಾರಿ ಜಾಕಾರ್. 1752ರಲ್ಲಿ ಇದೇ ಊರಿನಲ್ಲಿ ಹುಟ್ಟಿದ. ಮುತ್ತಿಗೆಯಲ್ಲಿ ಮಗನ ಜೊತೆ ಊರಿನ ಪರವಾಗಿ ಹೋರಾಡಿದ. ಆಮೇಲೆ ಕ್ರಾಂತಿಯ ಸೈನ್ಯಕ್ಕೇ ಸೇರಿದ, ಅಲ್ಲಿ ಮಗನನ್ನು ಕಳೆದುಕೊಂಡ. ಹತ್ತು ವರ್ಷದ ನಂತರ ಅವನ ಯಂತ್ರ ಊರಿನ ಕಸುಬನ್ನು ಎತ್ತಿ ನಿಲ್ಲಿಸಿತು.

ಯಂತ್ರ ಪೂರ್ತಿ ಹೊಸದೇನಲ್ಲ. ಬೂಶೋಂ 1725ರಲ್ಲಿ ತೂತು ಕೊರೆದ ಕಾಗದ ಬಳಸಿದ್ದ, ಫಾಲ್ಕೋಂ ರಟ್ಟಿನ ಕಾರ್ಡು ತಂದಿದ್ದ, ವೋಕಾಂಸೋಂ ಮಗ್ಗದ ತಲೆಯ ಮೇಲೆ ಯಂತ್ರ ಕೂರಿಸಿದ್ದ. ಜಾಕಾರ್ ಇದನ್ನೆಲ್ಲ ಒಟ್ಟು ಸೇರಿಸಿದ. 1805ರಲ್ಲಿ ಸರಕಾರ ಅವನ ಮಗ್ಗವನ್ನು ಎಲ್ಲರ ಬಳಕೆಗೆ ಬಿಟ್ಟು, ಅವನಿಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ ಗೊತ್ತು ಮಾಡಿತು.

ದಿವ್ರಿ ಬೀದಿಯ ಮೇಜೋಂ ದೆ ಕಾನ್ಯೂಗೆ ಹೋದೆವು. ಕಾನ್ಯೂ ಅಂದರೆ ಇಲ್ಲಿನ ರೇಷ್ಮೆ ನೇಕಾರ. ಒಬ್ಬ ಹೆಂಗಸು ಮಗ್ಗದ ಮುಂದೆ ಕೂತು ತೋರಿಸಿದರು. ಕಾಲಿನಿಂದ ತುಳಿದಾಗ ಮೇಲಿನ ಪೆಟ್ಟಿಗೆ ಒಂದು ಕಾರ್ಡನ್ನು ಸೂಜಿಗಳ ಸಾಲಿಗೆ ಒತ್ತುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಎತ್ತಿಕೊಂಡು ಹಾಸಿನ ಎಳೆ ಮೇಲೆ ಬರುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಇರುತ್ತದೆ. ಲಾಳಿ ಹಾಯುತ್ತದೆ. ಹಲಗೆ ಹೊಡೆಯುತ್ತದೆ. ಮುಂದಿನ ಕಾರ್ಡು. ಈ ಸದ್ದಿಗೆ ಲಿಯೋನ್‌ನವರು ಬಿಸ್ತಾಂಕ್ಲಾಕ್ ಅನ್ನುತ್ತಾರೆ. ಹತ್ತು ಸಲ ತುಳಿದಾಗ ಹೂವಿನ ಒಂದು ದಳದ ಅಂಚು ಮಾತ್ರ ಕಂಡಿತು. ಅವರು ಬೆರಳ ತುದಿಯಿಂದ ಆ ಅಂಚನ್ನು ಮುಟ್ಟಿ ನೋಡಿದ ರೀತಿ ನನಗೆ ಮರೆಯಲಾಗದು.

ಮೊದಲು ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಿದ್ದರು. ಹೆಚ್ಚಾಗಿ ಸಣ್ಣ ಹುಡುಗಿಯರು. ದಿನವಿಡೀ ಹಗ್ಗ ಎಳೆಯುವ ಕೆಲಸ. ಬೆನ್ನು ಮುರಿಯುತ್ತಿತ್ತು. ಆ ಕೆಲಸವನ್ನು ಕಾರ್ಡುಗಳು ತೆಗೆದುಕೊಂಡವು. ಇಷ್ಟು ಒಳ್ಳೆಯದಾಯಿತು.

ಆದರೆ ಮಗ್ಗ ಯಾರದ್ದು, ನೂಲು ಯಾರದ್ದು? ಅದು ರಾಜನ ಕಾಲದಲ್ಲಿ ಹೇಗಿತ್ತೋ ಹಾಗೇ ಇತ್ತು. ನೂಲು ವ್ಯಾಪಾರಿಯದ್ದು, ವಿನ್ಯಾಸ ವ್ಯಾಪಾರಿಯದ್ದು, ಗಿರಾಕಿಯೂ ಅವನವನೇ. ಮಗ್ಗ ನೇಕಾರನದ್ದು, ಮನೆ ಬಾಡಿಗೆ ನೇಕಾರನದ್ದು, ದೀಪದ ಎಣ್ಣೆಯೂ ನೇಕಾರನದ್ದು. ನೇಯ್ದ ಅಳತೆಗೆ ಕೂಲಿ. ಈ ಏರ್ಪಾಟಿಗೆ ಕ್ರಾಂತಿಗೆ ಮುಂಚೆ ಗ್ರಾಂದ್ ಫಾಬ್ರಿಕ್ ಎಂದು ಹೆಸರಿತ್ತು. ಹೆಸರು ಹೋಗಿ ಬರೀ ಫಾಬ್ರಿಕ್ ಆಯಿತು. ವ್ಯವಸ್ಥೆ ಅಲ್ಲಾಡಲಿಲ್ಲ. ಗಿರಾಕಿಯೂ ತೀರಾ ಬದಲಾಗಲಿಲ್ಲ ಅನ್ನಬೇಕು. ಕಾಮಿಯ್ ಪೆರ್ನೋಂ ಎಂಬ ವ್ಯಾಪಾರಿ ರಾಜನ ಅರಮನೆಗೆ ರೇಷ್ಮೆ ಕೊಡುತ್ತಿದ್ದ. 1802ರಲ್ಲಿ ಅವನಿಗೇ ಸಾಂ-ಕ್ಲೂ ಅರಮನೆಗೆ ರೇಷ್ಮೆ ಬೇಕೆಂದು ಬೇಡಿಕೆ ಬಂತು. ಈ ಸಲ ಕೇಳಿದವನು ನೆಪೋಲಿಯನ್ ಬೊನಪಾರ್ತ್.

ಹಳೇ ಸಂಘ ನೇಕಾರರಿಗೆ ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ವ್ಯಾಪಾರಿಗಳದ್ದೇ ಮೇಲುಗೈ. ಹೆಂಗಸರಿಗೆ, ಹೊರಗಿನಿಂದ ಬಂದವರಿಗೆ ಅದು ಬಾಗಿಲು ಹಾಕಿತ್ತು. ಆದರೆ ಸಂಘಕ್ಕೆ ಒಂದು ಪಂಚಾಯ್ತಿ ಕಟ್ಟೆ ಇತ್ತು. ನೂಲು ಕಡಿಮೆ ಬಿತ್ತು, ಬಟ್ಟೆಯಲ್ಲಿ ಕಲೆ ಇದೆ, ಕೂಲಿ ಮುರಿದುಕೊಂಡ, ಮುಂಗಡ ತೀರಿಸದೆ ಇನ್ನೊಬ್ಬನ ಹತ್ತಿರ ಹೋದ: ಇಂಥ ಜಗಳ ಅಲ್ಲಿ ತೀರುತ್ತಿತ್ತು. 1791ರ ನಂತರ ಆ ಕಟ್ಟೆ ಇಲ್ಲ. ಹದಿನೈದು ವರ್ಷ ಜಗಳಗಳು ಹಾಗೇ ಉಳಿದವು.

ನೆಪೋಲಿಯನ್ 1805ರಲ್ಲಿ ಊರಿಗೆ ಬಂದಾಗ ರೇಷ್ಮೆಯವರು ಹಳೇ ಕಟ್ಟೆ ವಾಪಸ್ ಕೊಡಿ ಎಂದು ಕೇಳಿಕೊಂಡರು. 1806ರ ಮಾರ್ಚ್ 18ರಂದು ಕಾಯ್ದೆ ಬಂತು. ಲಿಯೋನ್‌ನಲ್ಲಿ ಕೊಂಸೆಯ್ ದ ಪ್ರುದೋಮ್. ತಿಳಿದವರ ಮಂಡಳಿ ಅಂದುಕೊಳ್ಳಿ. ದೇಶದಲ್ಲೇ ಈ ಬಗೆಯ ಮೊದಲನೆಯದು. ಕಾಯ್ದೆಯ ಸಾಲುಗಳನ್ನು ಆ ಮಧ್ಯಾಹ್ನ ಒಂದು ಕಾಫಿ ಅಂಗಡಿಯಲ್ಲಿ ಕೂತು ಅಕ್ಕನಿಗೆ ಒಂದೊಂದಾಗಿ ಹೇಳಿದೆ. ಒಂಬತ್ತು ಸದಸ್ಯರು. ದಿನಾ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ರಾಜಿಯ ಕಟ್ಟೆ, ಅಲ್ಲಿ ಒಬ್ಬ ವ್ಯಾಪಾರಿ, ಒಬ್ಬ ನೇಕಾರ ಯಜಮಾನ, ಅಂದರೆ ಮಗ್ಗಗಳ ಒಡೆಯನಾದ ನೇಕಾರ. ರಾಜಿ ಆಗದಿದ್ದರೆ ಪೂರ್ಣ ಸಭೆ. 60 ಫ್ರಾಂಕ್‌ವರೆಗಿನ ಜಗಳಕ್ಕೆ ಖರ್ಚಿಲ್ಲ, ಮೇಲ್ಮನವಿ ಇಲ್ಲ.

"ಖರ್ಚಿಲ್ಲದೆ!" ಅಕ್ಕನ ಮುಖ ಅರಳಿತು. "ಇದು ನಿಜವಾದ ಕೆಲಸ ನೋಡು. ಒಂಬತ್ತರಲ್ಲಿ ಯಾರ್ಯಾರು ಎಷ್ಟು?"

"ವ್ಯಾಪಾರಿಗಳು ಐದು. ನೇಕಾರ ಯಜಮಾನರು ನಾಲ್ಕು."

ಅವಳು ಲೋಟ ಕೆಳಗಿಟ್ಟಳು.

"ಮಗ್ಗದ ಮೇಲೆ ಕೂಲಿಗೆ ಕೂತವನು?"

"ಅವನಿಗೆ ಜಾಗವೇ ಇಲ್ಲ."

ಅದೇ ಕಾಯ್ದೆಯಲ್ಲಿ ಲೆಕ್ಕದ ಪುಸ್ತಕದ ವಿಷಯವೂ ಇದೆ. ಪ್ರತಿ ಮಗ್ಗಕ್ಕೂ ಎರಡು ಪ್ರತಿ. ಒಂದು ನೇಕಾರನ ಹತ್ತಿರ, ಒಂದು ವ್ಯಾಪಾರಿಯ ಹತ್ತಿರ. ನೇಕಾರ ಬಾಕಿ ಇಟ್ಟು ಇನ್ನೊಬ್ಬ ವ್ಯಾಪಾರಿಯ ಹತ್ತಿರ ಹೋದರೆ, ಹೊಸಬನು ಅವನ ಕೂಲಿಯಲ್ಲಿ ಎಂಟನೇ ಒಂದು ಭಾಗ ಹಿಡಿದು ಹಳಬನಿಗೆ ಕಟ್ಟಬೇಕು. ಹಳೇ ಸಂಘದ ಕಾಲದಲ್ಲೂ ಇಂಥ ಪುಸ್ತಕ ಇತ್ತು. ಸ್ವಾತಂತ್ರ್ಯ, ಸಮಾನತೆ, ಸೋದರತ್ವ ಎಲ್ಲ ಬಂದು ಹೋದವು, ಸಾಲದ ಪುಸ್ತಕ ಮಾತ್ರ ಹಾಗೇ ಮೇಜಿನ ಮೇಲೆ ಇತ್ತು. ನನಗೆ ಹೊಟ್ಟೆ ಉರಿಯಿತು.

ಮಂಡಳಿ ಜಗಳ ತೀರಿಸುತ್ತಿತ್ತು, ಆದರೆ ದರ ಗೊತ್ತು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಆ ಗಾಯ 1831ರಲ್ಲಿ ಒಡೆಯಿತು. ಅಕ್ಟೋಬರ್ 25ರಂದು ಜಿಲ್ಲಾಧಿಕಾರಿ ಬುವಿಯೆ-ದ್ಯುಮೊಲಾರ್ ಮುಂದೆ ಎರಡೂ ಕಡೆಯವರು ಕೂತು ದರಪಟ್ಟಿ ಒಪ್ಪಿದರು. ನೂರಕ್ಕೂ ಹೆಚ್ಚು ವ್ಯಾಪಾರಿಗಳು ಅದನ್ನು ಪಾಲಿಸುವುದಿಲ್ಲ ಅಂದರು. ನವೆಂಬರ್ 21ರಂದು ನೇಕಾರರು ಈ ಗುಡ್ಡದಿಂದ ಕರಿ ಬಾವುಟ ಹಿಡಿದು ಇಳಿದರು. ಅದರ ಮೇಲೆ ಬರೆದಿದ್ದು: "ದುಡಿಯುತ್ತಾ ಬದುಕುವುದು, ಇಲ್ಲವೇ ಹೋರಾಡುತ್ತಾ ಸಾಯುವುದು." ಊರು ಅವರ ಕೈಗೆ ಬಂತು. ಅವರು ಲೂಟಿ ಮಾಡಲಿಲ್ಲ, ಕಾವಲು ಕಾದರು. ಡಿಸೆಂಬರ್‌ನಲ್ಲಿ ಸೈನ್ಯ ಬಂತು. ದರಪಟ್ಟಿ ರದ್ದಾಯಿತು, ಜಿಲ್ಲಾಧಿಕಾರಿಯನ್ನು ಕೆಲಸದಿಂದ ತೆಗೆದರು. 1786ರಲ್ಲಿ ಆದದ್ದೇ ಮತ್ತೆ ಆಯಿತು ನೋಡಿ. ಮೊದಲು ದರ ಒಪ್ಪುವುದು, ಆಮೇಲೆ ಮೇಲಿನಿಂದ ರದ್ದು, ಆಮೇಲೆ ಸೈನ್ಯ. ನಡುವೆ ಒಂದು ಮಹಾ ಕ್ರಾಂತಿಯೇ ಆಗಿಹೋಗಿತ್ತು.

ಆದರೂ ನೇಕಾರರು ಆ ನಾಲ್ಕು ಕುರ್ಚಿಗಳನ್ನು ಬಿಡಲಿಲ್ಲ. ಅದೇ ವರ್ಷ ಎಕೋ ದ ಲಾ ಫಾಬ್ರಿಕ್ ಎಂಬ ವಾರಪತ್ರಿಕೆ ಶುರು ಮಾಡಿ, ಮಂಡಳಿಯಲ್ಲಿ ಯಾವ ಜಗಳಕ್ಕೆ ಏನು ತೀರ್ಪಾಯಿತು ಎಂದು ವಾರವಾರವೂ ಅಚ್ಚು ಹಾಕಿದರು. ಇಂಥ ವ್ಯಾಪಾರಿ ಇಷ್ಟು ಕೂಲಿ ಮುರಿದುಕೊಂಡ, ಮಂಡಳಿ ಇಷ್ಟು ಕೊಡಿಸಿತು ಎಂದು ಎಲ್ಲರಿಗೂ ಗೊತ್ತಾಗತೊಡಗಿತು. ಕುರ್ಚಿ ಕಡಿಮೆ ಇದ್ದಾಗ ಬೆಳಕು ಜಾಸ್ತಿ ಬಿಡುವುದು. ಅದು ಅವರಿಗೆ ಯಾರೂ ಕೊಟ್ಟದ್ದಲ್ಲ, ತಾವೇ ಮಾಡಿಕೊಂಡದ್ದು. 1848ರಲ್ಲಿ ಇನ್ನೊಂದು ಕ್ರಾಂತಿ ಬಂದಾಗ ಮಾಲೀಕರಿಗೂ ಕೆಲಸಗಾರರಿಗೂ ಸಮ ಸಂಖ್ಯೆ ಎಂಬ ಕಾಯ್ದೆ ಬಂತು. ಅದೂ ನೆಟ್ಟಗೆ ಉಳಿಯಲಿಲ್ಲ, ಹೋಗಿ ಬಂದು ಗಟ್ಟಿಯಾಯಿತು. 1907ರಲ್ಲಿ ಈ ಮಂಡಳಿಗಳ ಚುನಾವಣೆಯಲ್ಲಿ ಹೆಂಗಸರಿಗೆ ಮತ ಸಿಕ್ಕಿತು. ದೇಶದ ಚುನಾವಣೆಯಲ್ಲಿ ಮತದ ಹಕ್ಕು ಸಿಗಲು ಅವರು 1944ರವರೆಗೆ ಕಾಯಬೇಕಾಯಿತು.

ಐದನೇ ದಿನ

ವಾಪಸ್ ಹೊರಡುವ ರೈಲು ಸಂಜೆಗೆ. ಅಕ್ಕ ಬೆಳಿಗ್ಗೆಯೇ ಹೇಳಿದಳು. "ಮ್ಯೂಸಿಯಂ ಸಾಕು ಕಣೋ. ಆ ಮಂಡಳಿ ಇನ್ನೂ ಇದೆಯಾ?"

ಇದೆ. ರೋನ್ ನದಿಯಾಚೆ, ಪಾರ್-ದಿಯೂ ನಿಲ್ದಾಣದ ಕಡೆ. ಸಾಧಾರಣ ಸರಕಾರಿ ಕಟ್ಟಡ. ಇಲ್ಲಿ ವಿಚಾರಣೆ ಬಹಿರಂಗ, ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿ ಒಳಗೆ ಬಿಟ್ಟರು.

ಎದುರಿಗೆ ನಾಲ್ವರು ಕೂತಿದ್ದರು. ಇಬ್ಬರು ಮಾಲೀಕರ ಕಡೆಯಿಂದ, ಇಬ್ಬರು ಕೆಲಸಗಾರರ ಕಡೆಯಿಂದ. ಯಾರೂ ಕಾನೂನು ಓದಿ ನ್ಯಾಯಾಧೀಶರಾದವರಲ್ಲ. ಎದೆಯ ಮೇಲೆ ಪಟ್ಟಿಗೆ ಕಟ್ಟಿದ ಪದಕ. ಯಾರು ಯಾವ ಕಡೆಯವರು ಅಂತ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಎರಡು ಎರಡು ಎಂದು ಮತ ಸಮವಾದರೆ ಮಾತ್ರ ವೃತ್ತಿಪರ ನ್ಯಾಯಾಧೀಶರೊಬ್ಬರು ಬಂದು ಕೂರುತ್ತಾರೆ. ಒಬ್ಬ ನಡುವಯಸ್ಸಿನ ಹೆಂಗಸಿನ ಕೇಸು ನಡೆಯುತ್ತಿತ್ತು. ಹೆಚ್ಚಿನ ಗಂಟೆ ದುಡಿದದ್ದಕ್ಕೆ ಸಂಬಳ ಬಂದಿಲ್ಲ ಎಂದು. ವಕೀಲರು ಮಾತಾಡುವಾಗ ಅವರು ತಮ್ಮ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಯಾವ ದಿನ ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಂದೆ ಎಂದು ತಾವೇ ಬರೆದಿಟ್ಟುಕೊಂಡ ಡೈರಿ. ಕಂಪನಿಯ ಹತ್ತಿರ ಅದರದ್ದೇ ಲೆಕ್ಕ. ಎರಡು ಪುಸ್ತಕ, ಎರಡು ಲೆಕ್ಕ. ಅಕ್ಕ ನನ್ನ ಮೊಣಕೈ ಒತ್ತಿದಳು. ಭಾಷೆ ಗೊತ್ತಿಲ್ಲದಿದ್ದರೂ ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ಹೊರಗೆ ಓಣಿಯಲ್ಲಿ ಇನ್ನೊಂದು ಬಾಗಿಲು. ಅದು ಮುಚ್ಚಿತ್ತು. ರಾಜಿಯ ಕೋಣೆ. ಅಲ್ಲಿಗೆ ಹೊರಗಿನವರಿಗೆ ಪ್ರವೇಶ ಇಲ್ಲ. ಒಳಗೆ ಮಾಲೀಕರ ಕಡೆಯ ಒಬ್ಬರು, ಕೆಲಸಗಾರರ ಕಡೆಯ ಒಬ್ಬರು. 1806ರಲ್ಲಿ ಹೇಗೋ ಹಾಗೆಯೇ. ಬಾಗಿಲ ಎರಡು ಬದಿಯ ಬೆಂಚುಗಳಲ್ಲಿ ಜನ ಕಾಯುತ್ತಿದ್ದರು. ಒಂದು ಬದಿಯಲ್ಲಿ ಕೋಟು ಹಾಕಿದ ಯುವಕ, ಇನ್ನೊಂದು ಬದಿಯಲ್ಲಿ ಬಣ್ಣದ ಕಲೆಯ ಶೂ ಹಾಕಿದ ಒಬ್ಬ ಗಟ್ಟಿಮುಟ್ಟು ಆಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಅಕ್ಕ ನೋಟ್‌ಬುಕ್ ತೆಗೆದಳು. ಮೂರು ಕಾಲಂಗಳಲ್ಲೂ ಜಾಗ ಹುಡುಕಿ, ಕೊನೆಗೆ ಪುಟದ ಅಡಿಯಲ್ಲಿ ಬರೆದಳು: 'ಐದು-ನಾಲ್ಕು' ಅಂತ ಬರೆದು ಅಡ್ಡಗೆರೆ ಹೊಡೆದು, ಪಕ್ಕದಲ್ಲಿ 'ಎರಡು-ಎರಡು'. ಕೆಳಗೆ ಎರಡು ವರ್ಷ, 1806 ಮತ್ತು 1848.

ಅಷ್ಟರಲ್ಲಿ ಬಾಗಿಲು ತೆರೆದು ಗುಮಾಸ್ತೆಯೊಬ್ಬರು ಎರಡು ಹೆಸರು ಕೂಗಿದರು. ಕೋಟಿನವನೂ ಶೂವಿನವನೂ ಒಟ್ಟಿಗೇ ಎದ್ದರು. ಬಾಗಿಲು ಸಣ್ಣದು. ಒಂದು ಕ್ಷಣ ಇಬ್ಬರೂ ನಿಂತರು. ಆಮೇಲೆ ಕೋಟಿನವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.